ಟಿಕೆಟಿನ ಹಿಂಬದಿಯ ಮೂರು ರುಜು

ನನ್ನ ಮೊಮ್ಮಗಳು ಧನ್ಯ ಪೊಲೀಸ್ ಆಗಿದ್ದಾಳೆ! ಇವತ್ತು ಬೆಳಿಗ್ಗೆ ಆಯ್ಕೆ ಪಟ್ಟಿ ಬಂತು. ಅವಳ ಹೆಸರು ಅದರಲ್ಲಿ ಉಂಟು. ಮೊಬೈಲಿನಲ್ಲಿ ಅಕ್ಷರ ಇರುವೆ ಸಾಲಿನ ಹಾಗೆ ಕಂಡಿತು. ಅವಳು ಎರಡು ಬೆರಳಿನಿಂದ ಹಿಗ್ಗಿಸಿ ತೋರಿಸಿದ ಮೇಲೆ ಓದಿದೆ, ಮತ್ತೆ ಓದಿದೆ, ಮೂರನೆಯ ಸಲ ಗಟ್ಟಿಯಾಗಿ ಓದಿದೆ. ಕಾಲು ನೆಲದಲ್ಲಿ ನಿಲ್ಲಲಿಲ್ಲ. ಬೆಳ್ಳಾರೆ ಪೇಟೆಗೆ ಹೋಗಿ ಹೋಟೆಲಿನಲ್ಲಿ ಕೂತಿದ್ದ ಗುರುತಿನವರಿಗೆ, ಗುರುತಿಲ್ಲದವರಿಗೆ, ಬಸ್ಸಿಗೆ ಕಾಯುತ್ತಿದ್ದವರಿಗೆ ಎಲ್ಲ ಚಹಾ ಹೇಳಿದೆ. ಒಬ್ಬ ಕೇಳಿದ, "ಎಂತ ಮಾರಾಯ್ರೆ, ಲಾಟರಿ ಬಿತ್ತಾ ನಿಮಗೆ?"

ಇಡೀ ಪ್ರಪಂಚದಲ್ಲಿ ಅವನಿಗೆ ಕೇಳಲಿಕ್ಕೆ ಸಿಕ್ಕಿದ್ದು ಅದೇ ಮಾತು.

ನಾನು ಪದ್ಮಯ್ಯ. ಏಳನೇ ಕ್ಲಾಸು ಓದಿ, ಕಾನ್‌ಸ್ಟೇಬಲ್ ಆಗಿ ಸೇರಿ, ಪುತ್ತೂರು, ಸುಳ್ಯ, ಕಡಬದ ಕಡೆ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತನಾದವನು. ಅದರಲ್ಲಿ ಹೆಚ್ಚಿನ ಕಾಲ ಕೇರಳದ ಗಡಿಗೆ ಹೋಗುವ ರಸ್ತೆಯಲ್ಲಿ ನಿಂತದ್ದೇ. ಪೊಲೀಸ್ ಕೆಲಸಕ್ಕೆ ಸೇರುವ ಮಕ್ಕಳು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಿಜ ಹೇಳುವುದಾದರೆ ಮೊದಲು ಓದಬೇಕಾದವಳು ಧನ್ಯನ ತಾಯಿ, ನನ್ನ ಸೊಸೆ ವಾರಿಜ. ಯಾಕೆಂದರೆ ಪಟ್ಟಿ ಬಂದದ್ದೇ ಅವಳು, "ಹೆಸರು ಬಂದದ್ದು ಸಂತೋಷ. ಕೆಲಸಕ್ಕೆ ಹೋಗುದು ಬೇಡ" ಎಂದಳು. ತಾಯಿ ಒಪ್ಪದೆ ಹೋಗುವುದಿಲ್ಲ ಎಂದು ಧನ್ಯ ಮೊದಲೇ ಹೇಳಿದ್ದಾಳೆ. ಮಗ ಹರೀಶ ಇಬ್ಬರ ಮುಖವನ್ನೂ ನೋಡಿ ಪಿಕಪ್ ತೊಳೆಯಲಿಕ್ಕೆ ಹೋದ.

ವಾರಿಜ ಬೇಡ ಎನ್ನುವುದಕ್ಕೆ ಕಾರಣ, ಹದಿನೆಂಟು ವರ್ಷದ ಹಿಂದೆ ನಾನು ಮನೆಯಲ್ಲಿ ಹೇಳಿದ ಒಂದು ಮಾತು. ಆ ಮಾತು ಸುಳ್ಳು. ಅದಕ್ಕೆ ಬರುತ್ತೇನೆ. ಅದಕ್ಕಿಂತ ಮೊದಲು ಈ ಕೆಲಸ ಎಂಥ ತಲೆಬಿಸಿ ಎಂದು ಗೊತ್ತಾಗಬೇಕು.

ಕಾನೂನು ಓದಿದವರಿಗೆ ಗಡಿ ಎಂದರೆ ಒಂದು ಗೆರೆ. ನಮಗೆ ಅದು ಒಂದು ಮೋರಿ. ಮೋರಿಯ ಆಚೆ ಸರಕಾರವೇ ಲಾಟರಿ ಅಚ್ಚು ಹಾಕಿಸಿ, ಮೈಕ್ ಕಟ್ಟಿ, "ನಾಳೆ ಡ್ರಾ, ನಾಳೆ ಡ್ರಾ" ಎಂದು ಕೂಗಿಸಿ ಮಾರಿಸುತ್ತದೆ. ಕುಂಟರು, ಕುರುಡರು, ಮುದುಕರು ಅದನ್ನು ಮಾರಿ ಮರ್ಯಾದೆಯಿಂದ ಬದುಕುತ್ತಾರೆ. ಅದೇ ಟಿಕೆಟು ಮೋರಿ ದಾಟಿ ಇಪ್ಪತ್ತು ಹೆಜ್ಜೆ ಈಚೆ ಬಂದು ಮಾರಾಟವಾದರೆ ಠಾಣೆಯಲ್ಲಿ ಜಾಮೀನು ಸಿಗದ ಕೇಸು. ಕಾಗದ ಅದೇ, ನಂಬರು ಅದೇ. ಇದನ್ನು ನೆಲ್ಯಾಡಿಯ ರಬ್ಬರ್ ತೋಟದಲ್ಲಿ ಹಾಲು ತೆಗೆಯುವ ಒಬ್ಬ ಅಜ್ಜನಿಗೆ ವಿವರಿಸಲಿಕ್ಕೆ ಹೋಗಿ ನಾನೇ ಬೆವತಿದ್ದೆ. ಅವನ ಊರು ಆಚೆ, ದುಡಿಮೆ ಈಚೆ. "ಸಾರೇ, ಅಲ್ಲಿ ಮುಖ್ಯಮಂತ್ರಿ ಮಾರ್ತಾರೆ, ಇಲ್ಲಿ ನಾನು ಮಾರಿದ್ರೆ ಕಳ್ಳ. ನೀವೊಮ್ಮೆ ಅಲ್ಲಿಗೆ ಹೋಗಿ ಅವರನ್ನು ಹಿಡೀರಿ" ಎಂದ.

ಅದರಲ್ಲಿಯೂ ಒಂದು ಸೂಕ್ಷ್ಮ ಉಂಟು. ಮಾರುವುದು ತಪ್ಪು, ಮಾರಲಿಕ್ಕೆ ತರುವುದು ತಪ್ಪು. ಆಚೆ ಹೋದವನು ತನಗೆಂದು ಒಂದು ಟಿಕೆಟು ಕೊಂಡು ಕಿಸೆಯಲ್ಲಿಟ್ಟುಕೊಂಡು ಬಂದರೆ ಅದು ತಪ್ಪಲ್ಲ. ಹೊಸಬರು ಇದನ್ನು ಬರೆದಿಟ್ಟುಕೊಳ್ಳಿ. ತಿಂಗಳ ಕೊನೆಯಲ್ಲಿ ಮೇಲಿನಿಂದ "ಕೇಸು ಎಲ್ಲಿ, ಕೇಸು ಎಲ್ಲಿ" ಎಂದು ಫೋನು ಬರುವಾಗ ಎಲ್ಲ ಸಾಹೇಬರೂ ಮೊದಲು ಮರೆಯುವುದು ಇದನ್ನೇ.

ನಾನು ಸೇರಿದ ಹೊಸತರಲ್ಲಿ ಒಬ್ಬರು ಸಾಹೇಬರು ಇದ್ದರು. ಜೂಜು ಎಂದರೆ ಅವರಿಗೆ ಮೈಯೆಲ್ಲ ಉರಿ. ಒಮ್ಮೆ ಕಲ್ಲುಗುಂಡಿಯಲ್ಲಿ ಮಡಿಕೇರಿಗೆ ಹೋಗುವ ಲಾರಿ ತಡೆದು ಹುಡುಕಿದಾಗ ಒಂದು ಪೆಟ್ಟಿಗೆ ತುಂಬ ಇಸ್ಪೀಟು ಎಲೆ ಸಿಕ್ಕಿತು. ಸಾಹೇಬರು ಹುಲಿ ಹಿಡಿದವರ ಹಾಗೆ ಮೀಸೆ ತಿರುವಿದರು. ಠಾಣೆಗೆ ತಂದು ಮೂರು ದಿನ ಕಾನೂನು ಪುಸ್ತಕ ಹುಡುಕಿದರು. ಜೂಜಿನ ಅಡ್ಡೆ ನಡೆಸಿದರೆ ಅಪರಾಧ, ಅಲ್ಲಿ ಕೂತು ಆಡಿದರೆ ಅಪರಾಧ. ಇಸ್ಪೀಟು ಎಲೆಯನ್ನು ಅಂಗಡಿಗೆ ಸಾಗಿಸುವುದು ಅಪರಾಧ ಎಂದು ಎಲ್ಲಿಯೂ ಇಲ್ಲ. ಅಂಗಡಿಯವನು ಬಿಲ್ಲು ಹಿಡಿದುಕೊಂಡು ಬಂದು ಪೆಟ್ಟಿಗೆ ಒಯ್ದ. ಹೋಗುವಾಗ ಎಣಿಸಿ, "ಎರಡು ಕಟ್ಟು ಕಡಿಮೆ ಉಂಟಲ್ಲ ಸಾರ್" ಎಂದ. ಆ ಎರಡು ಕಟ್ಟು ಎಲ್ಲಿ ಹೋಯಿತು ಎಂದು ನಾನು ಹೇಳುವುದಿಲ್ಲ. ಮಳೆಗಾಲದಲ್ಲಿ ನಮ್ಮ ಕ್ವಾರ್ಟರ್ಸಿನಲ್ಲಿ ಹೊತ್ತು ಹೋಗಬೇಕಲ್ಲ.

ಕೋಳಿ ಕಾಳಗದ, ನಮ್ಮ ಕಡೆಯ ಮಾತಿನಲ್ಲಿ ಕೋಳಿ ಅಂಕದ, ಕೇಸು ಅದಕ್ಕಿಂತ ದೊಡ್ಡ ಪೀಡೆ. ಆಚೆಯಿಂದ ಜೀಪಿನಲ್ಲಿ ಹುಂಜಗಳನ್ನು ತರುತ್ತಾರೆ, ನಾವು ಹಿಡಿಯುತ್ತೇವೆ. ಹಿಡಿದ ಹುಂಜ ಮುದ್ದೆಮಾಲು, ಎಂದರೆ ಕೋರ್ಟಿಗೆ ತೋರಿಸಬೇಕಾದ ಸೊತ್ತು. ಅದಕ್ಕೆ ಅಕ್ಕಿ ಹಾಕಬೇಕು, ನೀರು ಇಡಬೇಕು, ಒಂದರ ಹತ್ತಿರ ಇನ್ನೊಂದನ್ನು ಕಟ್ಟಬಾರದು. ಕಟ್ಟಿದರೆ ಠಾಣೆಯ ಅಂಗಳದಲ್ಲಿಯೇ ಅಂಕ ಶುರು. ಒಂದು ಹುಂಜ ಸತ್ತರೆ, ಯಾಕೆ ಸತ್ತಿತು ಎಂದು ನಾನು ವರದಿ ಬರೆಯಬೇಕು. ನನ್ನ ಅಜ್ಜಿ ಸತ್ತಾಗ ಯಾರೂ ನನ್ನ ಹತ್ತಿರ ಅಷ್ಟು ಪ್ರಶ್ನೆ ಕೇಳಿರಲಿಲ್ಲ.

ಇನ್ನು ಮಟ್ಕಾ. ಒಂದು ಸಲ ಪುತ್ತೂರಿನ ಹತ್ತಿರ ಮಟ್ಕಾ ಚೀಟಿ ಹಿಡಿದು, ಎಲ್ಲವನ್ನೂ ಒಂದು ಲಕೋಟೆಗೆ ಹಾಕಿ, ಲಕೋಟೆಯ ಮೇಲೆ ಚೀಟಿ ಅಂಟಿಸಿ, ಅದರ ಮೇಲೆ ಪಂಚರ ರುಜು ಹಾಕಿಸಿದ್ದೆ. ಪಂಚರು ಎಂದರೆ ನಾವು ಹಿಡಿದದ್ದನ್ನು ಕಣ್ಣಾರೆ ಕಂಡು ಮಹಜರಿಗೆ ರುಜು ಹಾಕುವ ಇಬ್ಬರು ಊರವರು. ಕ್ರಮ ಸರಿಯಾಗಿಯೇ ಇತ್ತು. ಆದರೆ ಕೋರ್ಟಿನಲ್ಲಿ ಎದುರು ವಕೀಲರು ಒಂದು ಚೀಟಿಯನ್ನು ಎರಡು ಬೆರಳಲ್ಲಿ ಎತ್ತಿ, "ಹೆಡ್ ಕಾನ್‌ಸ್ಟೇಬಲ್ರೇ, ಲಕೋಟೆಯ ಒಳಗಿನ ಈ ಚೀಟಿ ಅದೇ ಚೀಟಿ ಅಂತ ಹೇಗೆ ಹೇಳ್ತೀರಿ? ಇದರಲ್ಲಿ ಯಾರದ್ದಾದರೂ ರುಜು ಉಂಟಾ?" ಎಂದು ಕೇಳಿದರು. ಯಾರದ್ದೂ ಇರಲಿಲ್ಲ. ಕೇಸು ಬಿತ್ತು. ಹೊರಗೆ ಬಂದ ಮೇಲೆ ಸಾಹೇಬರು ಕೊಟ್ಟ ಬೈಗುಳ ಕೋರ್ಟಿನ ಎದುರಿನ ಹೋಟೆಲಿನವರಿಗೂ ಕೇಳಿತು. ಆ ದಿನ ನಾನು ಒಂದು ಶಪಥ ಮಾಡಿದೆ. ಇನ್ನು ಮುಂದೆ ಏನು ಹಿಡಿದರೂ ಒಂದೊಂದರ ಹಿಂದೆಯೂ ರುಜು.

ಆ ಶಪಥವೇ ನನ್ನನ್ನು ಮುಳುಗಿಸಿದ್ದು.

ಹದಿನೆಂಟು ವರ್ಷದ ಹಿಂದಿನ ಮಾತು. ನಮ್ಮ ರಾಜ್ಯದಲ್ಲಿ ಲಾಟರಿ ಮಾರಾಟ ನಿಂತು ಹೆಚ್ಚು ಸಮಯ ಆಗಿರಲಿಲ್ಲ. ಧನ್ಯ ಅಂಗನವಾಡಿಗೆ ಹೋಗುತ್ತಿದ್ದಳು. ತಿಂಗಳ ಕೊನೆ. ಸಾಹೇಬರು ಬೇರೆ ಜಿಲ್ಲೆಯಿಂದ ಬಂದ ಹೊಸಬರು, ನಾನು ಹೆಡ್ ಕಾನ್‌ಸ್ಟೇಬಲ್. ಕಾಸರಗೋಡಿನಿಂದ ಸುಳ್ಯಕ್ಕೆ ಬರುವ ಬಸ್ಸಿನಲ್ಲಿ ಲಾಟರಿ ಬರುತ್ತದೆ ಎಂದು ಸುದ್ದಿ ಸಿಕ್ಕಿ ಗಡಿಯ ಈಚೆ ಬಸ್ಸು ನಿಲ್ಲಿಸಿದೆವು. ನಾನು ಹಿಂದಿನ ಬಾಗಿಲಿನಿಂದ ಹತ್ತಿದೆ, ಸಾಹೇಬರು ಮುಂದಿನಿಂದ. ನಾಲ್ಕನೆಯ ಸೀಟಿನಲ್ಲಿ ಕೂತಿದ್ದದ್ದು ಕುಶಾಲಪ್ಪ ಗೌಡರು. ಕಲ್ಲುಗುಂಡಿಯವರು. ವಾರಿಜನ ಅಪ್ಪ. ನನ್ನ ಬೀಗರು!

ಹೆಂಡತಿಯ ಒಂದು ಕಣ್ಣಿನ ಆಪರೇಷನ್ ಆಗಿತ್ತು, ಔಷಧಿ ತರಲಿಕ್ಕೆ ಆಚೆ ಹೋಗಿದ್ದರು. ಆಸ್ಪತ್ರೆಯ ಬಾಗಿಲಲ್ಲಿ ಮಾರುತ್ತಿದ್ದವನ ಹತ್ತಿರ ಒಂದು ಟಿಕೆಟು ಕೊಂಡಿದ್ದರು. ಅದು ಅಂಗಿಯ ಕಿಸೆಯಲ್ಲಿತ್ತು, ತುದಿ ಹೊರಗೆ ಕಾಣುತ್ತಿತ್ತು. ಅಲ್ಲಿಗೆ ನಿಂತಿದ್ದರೆ ಏನೂ ಇರಲಿಲ್ಲ. ಆದರೆ ನಿಜವಾದ ಏಜೆಂಟ್, ಅವರ ಹಿಂದಿನ ಸೀಟಿನಲ್ಲಿ ಇದ್ದವನು, ನಮ್ಮ ಟೊಪ್ಪಿ ಕಂಡದ್ದೇ ಮುನ್ನೂರು ಟಿಕೆಟಿನ ಕಟ್ಟನ್ನು ಮುಂದಿನ ಸೀಟಿನ ಅಡಿಗೆ ಕಾಲಿನಿಂದ ತಳ್ಳಿ, ಮೂತ್ರಕ್ಕೆ ಹೋಗುವವನ ಹಾಗೆ ಇಳಿದು ಹೋದನೆಂದು ಆಮೇಲೆ ತಿಳಿಯಿತು. ನನ್ನ ಪಕ್ಕದಲ್ಲಿಯೇ ಇಳಿದ. ನಾನು ದಾರಿ ಬೇರೆ ಬಿಟ್ಟುಕೊಟ್ಟೆ.

ಸಾಹೇಬರು ಕಟ್ಟನ್ನು ಎತ್ತಿದರು. "ಕಿಸೆಯಲ್ಲಿ ಒಂದು, ಕಾಲಡಿಯಲ್ಲಿ ಒಂದು ಕಟ್ಟು. ಇವನೇ ಏಜೆಂಟ್. ಇಳೀರಿ ಕೆಳಗೆ."

"ಅಲ್ಲ ಸ್ವಾಮಿ, ಅದು ನನ್ನದಲ್ಲ. ನನ್ನದು ಇದೊಂದೇ" ಎಂದರು ಕುಶಾಲಪ್ಪ ಗೌಡರು. ಹೇಳಿ ನನ್ನನ್ನು ನೋಡಿದರು.

ನಾನು ಮಹಜರಿನ ಹಲಗೆ ಹಿಡಿದು ನಿಂತಿದ್ದೆ. "ಸಾರ್, ಇವರು ನನ್ನ ಬೀಗರು, ಇಂಥ ಕೆಲಸ ಮಾಡುವವರಲ್ಲ, ಒಂದು ಟಿಕೆಟು ಇಟ್ಟುಕೊಳ್ಳುವುದು ತಪ್ಪೂ ಅಲ್ಲ" ಎಂದು ಹೇಳಲಿಕ್ಕೆ ಎಷ್ಟು ಹೊತ್ತು ಬೇಕು? ಒಂದು ಉಸಿರು ಸಾಕು. ಸಾಹೇಬರು ಹೊಸಬರು, ತಿಂಗಳ ಕೊನೆ, ಬಸ್ಸು ತುಂಬ ಜನ, ನಾನು ಹೇಳಿದರೆ ಬೀಗರನ್ನು ಉಳಿಸಲಿಕ್ಕೆ ಹೊರಟಿದ್ದಾನೆ ಎಂದಾರು ಎಂದು ಏನೇನೋ ತಲೆಗೆ ಬಂತು. ನಾನು ಪೆನ್ನಿನ ಮುಚ್ಚಳ ತೆಗೆದೆ. "ಹೆಸರು?" ಎಂದು ಕೇಳಿದೆ.

ನನ್ನ ಮಗನಿಗೆ ಮಗಳನ್ನು ಕೊಟ್ಟವರ ಹೆಸರನ್ನು ಅವರ ಹತ್ತಿರವೇ ಕೇಳಿದೆ.

"ಕುಶಾಲಪ್ಪ" ಎಂದರು ಅವರು. "ತಂದೆಯ ಹೆಸರು ಬೇಕಾ?"

ಪಂಚರಾಗಿ ಬಸ್ಸಿನ ಕಂಡಕ್ಟರ್ ಅಬ್ಬಾಸ್ ಮತ್ತು ರಸ್ತೆ ಬದಿಯಲ್ಲಿ ಬೊಂಡ, ಎಂದರೆ ಎಳನೀರು, ಮಾರುತ್ತಿದ್ದ ಒಬ್ಬರು. ನನ್ನ ಶಪಥ ಇತ್ತಲ್ಲ! ಮುನ್ನೂರ ಒಂದು ಟಿಕೆಟಿನ ಹಿಂದೆಯೂ ಇಬ್ಬರು ಪಂಚರ ರುಜು, ಕೆಳಗೆ ಸಾಹೇಬರ ರುಜು, ಮೊಹರು. ಅಬ್ಬಾಸ್ ನೂರು ಆಗುವಾಗಲೇ ಕೈ ಕೊಡವಿದ. "ಪದ್ಮಯ್ಯಣ್ಣ, ನನ್ನ ನಿಖಾದಲ್ಲಿ ಸಹ ಒಂದೇ ರುಜು ಹಾಕಿದ್ದು ಮಾರಾಯ್ರೆ!" ಎಂದ. ನನಗೆ ಒಳಗಿಂದೊಳಗೆ ಸಮಾಧಾನ. ಈ ಸಲ ಯಾವ ವಕೀಲರು ಬರುತ್ತಾರೋ ಬರಲಿ.

ಆ ರಾತ್ರಿ ಕುಶಾಲಪ್ಪ ಗೌಡರು ಠಾಣೆಯ ಬೆಂಚಿನಲ್ಲಿ ಕೂತರು. ಮರುದಿನ ಕೋರ್ಟಿನಲ್ಲಿ ಜಾಮೀನು ಸಿಕ್ಕಿತು. ನಾನು ಮನೆಗೆ ಬಂದಾಗ ವಾರಿಜ ಬಾಗಿಲಲ್ಲಿಯೇ ನಿಂತಿದ್ದಳು. "ಮಾವ, ನೀವು ಅಲ್ಲಿ ಇರ್ಲಿಲ್ವಾ?" ನಾನು ಹೇಳಿದೆ, "ಇದ್ದೆ ಮಗಾ. ಸಾಹೇಬರಿಗೆ ಕೈ ಮುಗಿದು ಹೇಳಿದೆ. ಕೇಳ್ಲಿಲ್ಲ." ಅದೇ ಆ ಸುಳ್ಳು. ಅವಳು ತನ್ನ ಅಪ್ಪನನ್ನು ಕೇಳಿದಾಗ ಅವರೂ "ಹೇಳಿದ್ರು ಮಗಳೇ" ಎಂದರಂತೆ. ಯಾಕೆ ಹಾಗೆಂದರು ಎಂದು ಕೇಳುವ ಮುಖ ನನಗೆ ಇರಲಿಲ್ಲ.

ಕತೆ ಅಲ್ಲಿಗೆ ಮುಗಿದಿದ್ದರೆ ಚಂದ ಇತ್ತು. ಆ ವಾರ ಡ್ರಾ ಆಯಿತು. ಅಬ್ಬಾಸ್ ಆಚೆಯಿಂದ ಮಲೆಯಾಳಂ ಪೇಪರ್ ತಂದು, ಮಹಜರಿನ ನಕಲಿನಲ್ಲಿದ್ದ ನಂಬರಿಗೆ ಬೆರಳಿಟ್ಟು, ಪೇಪರಿನ ನಂಬರಿಗೆ ಬೆರಳಿಟ್ಟು, ನನ್ನ ಮುಖ ನೋಡಿದ. ಕಟ್ಟಿನ ಮುನ್ನೂರರಲ್ಲಿ ಒಂದಕ್ಕೂ ಇಲ್ಲ. ಕಿಸೆಯ ಆ ಒಂದಕ್ಕೆ ಬಹುಮಾನ! ಕೋಟಿಯದ್ದಲ್ಲ. ಆದರೆ ಬೀಗಿತ್ತಿಯ ಇನ್ನೊಂದು ಕಣ್ಣಿನ ಆಪರೇಷನ್ ಮಾಡಿಸಿ ಮನೆಯ ಮಾಡಿಗೆ ಹೊಸ ಹಂಚು ಹೊದೆಸುವಷ್ಟು.

ಒಂದು ತಿಂಗಳ ಒಳಗೆ ಟಿಕೆಟು ಆಚೆಯ ಕಚೇರಿಗೆ ಮುಟ್ಟಬೇಕು. ಟಿಕೆಟು ಕೋರ್ಟಿನ ಮುದ್ದೆಮಾಲು ಕೋಣೆಯಲ್ಲಿ. ಬಿಡಿಸಲಿಕ್ಕೆ ಅರ್ಜಿ ಹಾಕಿಸಿದೆವು. ಅರ್ಜಿಗೆ ಠಾಣೆಯ ವರದಿ ಬೇಕು. ವರದಿಗೆ ಸಾಹೇಬರ ರುಜು ಬೇಕು. ಸಾಹೇಬರು ರಜೆಯಲ್ಲಿ. ಅವರು ಬಂದಾಗ ಸರಕಾರಿ ವಕೀಲರು ರಜೆಯಲ್ಲಿ. ಅದೇ ಫೈಲು ಕಂಕುಳಲ್ಲಿ ಇಟ್ಟುಕೊಂಡು ನಾನು ಹತ್ತು ಸಲ ಓಡಿದ್ದೇನೆ. ಕೇಸು ಹಾಕಿದವನೇ ಕೇಸಿನ ಸೊತ್ತು ಬಿಡಿಸಲಿಕ್ಕೆ ಓಡುವುದನ್ನು ಕಂಡು ಕೋರ್ಟಿನ ಗುಮಾಸ್ತರು, "ಎಂತ ಹೆಡ್ ಕಾನ್‌ಸ್ಟೇಬಲ್ರೇ, ನಿಮಗೂ ಪಾಲು ಉಂಟಾ?" ಎಂದು ಕೇಳಿದರು. ಕೊನೆಗೆ ನ್ಯಾಯಾಧೀಶರು ಕಣ್ಣಿನ ವಿಚಾರ ಕೇಳಿ, ಮುಚ್ಚಳಿಕೆ ಬರೆಸಿ ಟಿಕೆಟು ಕೊಟ್ಟರು. ಎರಡೇ ದಿನ ಬಾಕಿ.

ನಾನೂ ಬೀಗರೂ ಒಟ್ಟಿಗೆ ಬಸ್ಸು ಹತ್ತಿ ಆಚೆ ಹೋದೆವು. ಕಚೇರಿಯ ಕಿಟಕಿಯಲ್ಲಿ ಇದ್ದವರು ಟಿಕೆಟಿನ ಮುಂಬದಿ ನೋಡಿ ನಕ್ಕರು, ಸಂತೋಷದ ನಗು. ಮತ್ತೆ ತಿರುಗಿಸಿದರು. ನಗು ಹೋಯಿತು.

ಆಚೆಯ ಕ್ರಮ ಏನೆಂದರೆ, ಗೆದ್ದವನು ಟಿಕೆಟಿನ ಹಿಂಬದಿಯಲ್ಲಿ ತನ್ನ ಹೆಸರು, ವಿಳಾಸ ಬರೆದು ರುಜು ಹಾಕಬೇಕು. ಯಾರ ರುಜು ಉಂಟೋ ಅವನದ್ದು ಬಹುಮಾನ. ಈ ಟಿಕೆಟಿನ ಹಿಂದೆ ಅಬ್ಬಾಸನ ರುಜು ಉಂಟು, ಬೊಂಡದವರ ರುಜು ಉಂಟು, ಕರ್ನಾಟಕದ ಸಬ್ ಇನ್‌ಸ್ಪೆಕ್ಟರರ ರುಜು ಉಂಟು, ಅಪರಾಧ ಸಂಖ್ಯೆ ಉಂಟು, ಠಾಣೆಯ ಮೊಹರು ಉಂಟು. ಕುಶಾಲಪ್ಪ ಗೌಡರಿಗೆ ಹೆಸರು ಬರೆಯಲಿಕ್ಕೆ ಒಂದು ಬೆರಳಗಲ ಜಾಗ ಇಲ್ಲ.

"ಸಾರೇ, ಇದರಲ್ಲಿ ಗೆದ್ದದ್ದು ಯಾರು?" ಎಂದು ಅವರು ಕೇಳಿದರು. ತಮಾಷೆಗಲ್ಲ. ಪಾಪ, ನಿಜವಾಗಿ ತಿಳಿಯದೆ ಕೇಳಿದ್ದು. ನಾನು ಕೋರ್ಟಿನ ಕಾಗದ ತೋರಿಸಿದೆ, ಕನ್ನಡದಲ್ಲಿ ಇತ್ತು. ಕೈ ಮುಗಿದೆ. ಮೇಲಧಿಕಾರಿಯ ಹತ್ತಿರ ಹೋದೆ. ಅವರೂ ಮರ್ಯಾದೆಯಿಂದಲೇ, ಆಗುವುದಿಲ್ಲ ಎಂದರು. ಅವರ ತಪ್ಪು ಏನೂ ಇಲ್ಲ. ಲಕೋಟೆಗೆ ಅಂಟಿಸಿದ ಚೀಟಿಯ ಮೇಲೆ ಹಾಕಿಸಬೇಕಾದ ರುಜುವನ್ನು ಟಿಕೆಟಿಗೇ ಹಾಕಿಸಿದವನು ನಾನು.

ಬೀಗಿತ್ತಿಯ ಇನ್ನೊಂದು ಕಣ್ಣಿಗೆ ಮರುವರ್ಷ ಉಚಿತ ಶಿಬಿರದಲ್ಲಿ ಆಪರೇಷನ್ ಆಯಿತು. ಅಲ್ಲಿಯವರೆಗೆ ಒಂದು ವರ್ಷ ಅವರು ಒಂದೇ ಕಣ್ಣಿನಲ್ಲಿ ಅಕ್ಕಿ ಆರಿಸಿದರು. ಕೇಸು ನಾಲ್ಕು ವರ್ಷ ನಡೆದು ಬಿತ್ತು. ಒಂದು ಟಿಕೆಟು ಇಟ್ಟುಕೊಳ್ಳುವುದು ಅಪರಾಧವಲ್ಲ, ಕಟ್ಟು ಇವರದ್ದೇ ಎನ್ನಲಿಕ್ಕೆ ಸಾಕ್ಷಿ ಇಲ್ಲ ಎಂದು ತೀರ್ಪು. ಬಸ್ಸಿನಲ್ಲಿ ಒಂದು ಉಸಿರಿನಲ್ಲಿ ನಾನು ಹೇಳಬಹುದಾಗಿದ್ದ ಮಾತನ್ನು ಕೋರ್ಟು ಆರು ಪುಟದಲ್ಲಿ ಬರೆಯಿತು. ಅಬ್ಬಾಸ್ ಎಲ್ಲಿ ಸಿಕ್ಕಿದರೂ, "ಪದ್ಮಯ್ಯಣ್ಣ, ನನ್ನ ಪಾಲು?" ಎಂದು ಕೇಳುತ್ತಿದ್ದ. ನಾನು ನಗುತ್ತಿದ್ದೆ. ನಗು ಬರುತ್ತಿರಲಿಲ್ಲ.

ಈಗ ಇದೆಲ್ಲ ಹಳೆಯದಾಯಿತು. ಟಿಕೆಟು ಗಡಿ ದಾಟುವುದೇ ಇಲ್ಲ. ಆಚೆಯವನು ನಂಬರಿನ ಫೋಟೋ ಮೊಬೈಲಿಗೆ ಕಳಿಸುತ್ತಾನೆ, ಈಚೆಯವನು ದುಡ್ಡನ್ನು ಮೊಬೈಲಿನಲ್ಲಿಯೇ ಹಾಕುತ್ತಾನೆ. ಕಾಗದ ಅಲ್ಲಿಯೇ ಇರುತ್ತದೆ. ಕಡಬದ ರಿಕ್ಷಾ ಸ್ಟ್ಯಾಂಡಿನಲ್ಲಿ ಕೂತವನು ಗಲ್ಫಿನ ಲಾಟರಿ ಆಡುತ್ತಾನೆ. ನಾವು ಬಸ್ಸಿನ ಸೀಟಿನ ಅಡಿ ಟಾರ್ಚು ಹಾಕಿ ಹುಡುಕುತ್ತಿದ್ದೆವು. ಈಗಿನ ಪೊಲೀಸರು ಗಾಳಿಯಲ್ಲಿ ಹೋಗುವುದನ್ನು ಹಿಡಿಯಬೇಕು. ಹೇಗೆ ಹಿಡಿಯುತ್ತಾರೋ, ಯಾವ ಕಲಂ ಹಾಕುತ್ತಾರೋ, ನನ್ನ ಏಳನೇ ಕ್ಲಾಸಿಗೆ ತಿಳಿಯುವುದಿಲ್ಲ. ಧನ್ಯನಿಗೆ ತಿಳಿದೀತು.

ಆದರೆ ಹೋಗಲಿಕ್ಕೆ ಬಿಡಬೇಕಲ್ಲ ವಾರಿಜ! ಇವತ್ತು ಮಧ್ಯಾಹ್ನ ಅವಳು ಹೇಳಿದ್ದು ಇಷ್ಟೇ, "ಹೆಡ್ ಕಾನ್‌ಸ್ಟೇಬಲ್ ಕೈ ಮುಗಿದು ಹೇಳಿದ್ರೂ ಕೇಳದ ಜಾಗ ಅದು ಮಾವ. ನಿನ್ನೆ ಮೊನ್ನೆಯ ಹುಡುಗಿ ಹೇಳಿದ್ರೆ ಯಾರು ಕೇಳುದು?" ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಮತ್ತೆ ಸುಮ್ಮನೆ ಕೂತೆ. ಬಸ್ಸಿನಲ್ಲಿ ಬಾಯಿ ಮುಚ್ಚಿದ ಹಾಗೆಯೇ. ಒಳಗೆ ಬಂದು ಇದನ್ನು ಬರೆಯಲಿಕ್ಕೆ ಶುರು ಮಾಡಿದೆ. ಉಳಿದದ್ದನ್ನು ರಾತ್ರಿ ಊಟವಾದ ಮೇಲೆ ಬರೆಯುತ್ತಿದ್ದೇನೆ.

ಸಂಜೆಯ ಬಸ್ಸಿಗೆ ಕುಶಾಲಪ್ಪ ಗೌಡರು ಬಂದರು. ಮೊಮ್ಮಗಳು ಫೋನು ಮಾಡಿದ್ದಳು. ಬೀಗಿತ್ತಿ ತೀರಿಕೊಂಡು ಮೂರು ವರ್ಷ. ಅವರಿಗೂ ಎಂಬತ್ತು ಹತ್ತಿರ. ಅಂಗಳದಲ್ಲಿಯೇ ಕೈ ಮೇಲೆತ್ತಿ ಧನ್ಯನಿಗೆ ಒಂದು ಸೆಲ್ಯೂಟ್ ಹೊಡೆದರು. ನನ್ನ ಹೆಂಡತಿ ಸೀತಮ್ಮ ಕೋಳಿ ಸಾರು ಮಾಡಿ ಒತ್ತು ಶ್ಯಾವಿಗೆ ಒತ್ತುತ್ತಿದ್ದಳು. ಬಟ್ಟಲು ಇಟ್ಟಾಯಿತು, ನಾವು ಗಂಡಸರೂ ಧನ್ಯನೂ ಕೂತಾಯಿತು. ವಾರಿಜ ಸೌಟು ಹಿಡಿದು ನಿಂತಿದ್ದಳು.

"ವಾರಿಜ, ಒಂದು ಮಾತುಂಟು. ಬಸ್ಸಿನಲ್ಲಿ ಆ ದಿನ ನಾನು ಸಾಹೇಬರಿಗೆ ಹೇಳ್ಲಿಲ್ಲ" ಎಂದೆ.

"ಎಂತ ಹೇಳ್ಲಿಲ್ಲ?"

"ಏನೂ ಹೇಳ್ಲಿಲ್ಲ. ಕೈಯೂ ಮುಗೀಲಿಲ್ಲ. ಹೆಸರು ಕೇಳಿ ಬರ್ಕೊಂಡೆ. ಮನೆಯಲ್ಲಿ ಹೇಳಿದ್ದು ಸುಳ್ಳು."

ಸೌಟು ಪಾತ್ರೆಯೊಳಗೆ ಇಳಿಯಿತು. ಅವಳು ಅಪ್ಪನ ಕಡೆ ತಿರುಗಿದಳು. "ಅಪ್ಪ, ಹೇಳಿದ್ರು ಅಂತ ನೀವೇ ಅಂದದ್ದಲ್ವಾ?"

"ಅಂದದ್ದು ಹೌದು" ಎಂದರು ಕುಶಾಲಪ್ಪ ಗೌಡರು. "ನಾನು ಬೆಂಚಿನಲ್ಲಿ ಕೂತದ್ದು ಒಂದು ರಾತ್ರಿ. ನೀನು ಈ ಮನೆಯಲ್ಲಿ ದಿನಾ ಇರಬೇಕಾದವಳು. ಇವರಿಗೆ ಅನ್ನ ಬಡಿಸಬೇಕಾದವಳು. ಮತ್ತೆಂತ ಹೇಳುದು ನಾನು?"

"ನನ್ನ ಹತ್ತಿರ ಸಹ ಕೈ ಮುಗಿದೆ ಅಂತಲೇ ಹೇಳಿದ್ದಲ್ಲ ನೀವು!" ಎಂದಳು ಸೀತಮ್ಮ. "ಹೇಗೆ ಮುಗಿದೆ ಅಂತ ತೋರಿಸಿದ್ದೂ ಉಂಟು!"

ಹರೀಶ ಬಟ್ಟಲು ನೋಡುತ್ತಿದ್ದ. ಧನ್ಯ ಮಾತ್ರ ನನ್ನನ್ನೇ ನೋಡಿ ಕೇಳಿದಳು, "ಹೇಳಿದ್ರೆ ಎಂತ ಆಗ್ತಿತ್ತು ಅಜ್ಜ?"

"ಗೊತ್ತಿಲ್ಲ ಮಗಾ. ಬಿಡ್ತಿದ್ರೋ ಏನೋ, ಬೈತಿದ್ರೋ ಏನೋ. ಬೈಗುಳ ತಿಂದು ಸತ್ತ ಪೊಲೀಸನನ್ನು ನಾನಂತೂ ನೋಡ್ಲಿಲ್ಲ. ನಿನ್ನ ಅಮ್ಮ ಆ ಕೆಲಸವನ್ನು ಬೈಯುದು ಬೇಡ. ಬೈಯುದಾದ್ರೆ ನನ್ನನ್ನು ಬೈಯಲಿ."

ವಾರಿಜ ಬೈಯಲಿಲ್ಲ. ನನ್ನ ಮುಖ ನೋಡಿದಳು. ಆ ನೋಟಕ್ಕಿಂತ ಮಟ್ಕಾ ಕೇಸಿನ ವಕೀಲರ ಪ್ರಶ್ನೆ ಎಷ್ಟೋ ಹಗುರ. ಮತ್ತೆ ಮಗಳ ಕಡೆ ತಿರುಗಿದಳು.

"ಹೇಳಿದ್ರೂ ಕೇಳುದಿಲ್ಲ ಅಂತ ಹೆದರಿದ್ದೆ ನಾನು, ಇಷ್ಟು ವರ್ಷ. ಹೇಳಿದವರೇ ಇಲ್ಲ ಅಂದ್ರೆ ಎಂತಕ್ಕೆ ಹೆದರುದು? ಹೋಗು ನೀನು. ನೀನು ಬಾಯಿ ಮುಚ್ಚಿ ಕೂರುವ ಜನ ಅಲ್ಲ. ಅದು ನನಗೆ ಗೊತ್ತುಂಟು."

ಧನ್ಯ ಎದ್ದು ತಾಯಿಯನ್ನು ತಬ್ಬಿದ ರಭಸಕ್ಕೆ ಸಾರಿನ ಪಾತ್ರೆ ಅಲುಗಿತು. "ಮೆಲ್ಲ, ಮೆಲ್ಲ, ಕೋಳಿ ಹಾರೀತು" ಎಂದರು ಕುಶಾಲಪ್ಪ ಗೌಡರು. ನನಗೆ ಕಣ್ಣಲ್ಲಿ ನೀರು, ಬಾಯಲ್ಲಿ ನಗು, ಎರಡೂ ಒಂದೇ ಸಲ.

ವಾರಿಜ ಬಡಿಸಲಿಕ್ಕೆ ಶುರು ಮಾಡಿದಳು. ಮೊದಲು ಅವಳ ಅಪ್ಪನಿಗೆ, ಮತ್ತೆ ಧನ್ಯನಿಗೆ, ಹರೀಶನಿಗೆ, ಅತ್ತೆಯನ್ನು ಕೈ ಹಿಡಿದು ಕೂರಿಸಿ ಅವಳಿಗೆ, ತನ್ನ ಬಟ್ಟಲಿಗೆ. ನನಗೆ ಕಡೆಗೆ. ಶ್ಯಾವಿಗೆ ಆರಿತ್ತು. ಆರು ಜನರೂ ಸುತ್ತ ಕೂತು, ಬೆರಳು ನೆಕ್ಕಿ ನೆಕ್ಕಿ, ಪಾತ್ರೆಯ ತಳ ಕಾಣುವವರೆಗೆ ಉಂಡೆವು.